ಕಾಕಾನ ಮೇಣಬತ್ತಿಗಳು

ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಶೇರು ಪೇಟೆಯಲ್ಲಿ ಒಂದು ರೂಪಾಯಿಯನ್ನೂ ಕಳೆದುಕೊಂಡವರಲ್ಲ. ನಿಪ್ಪಾಣಿಯ ಸುತ್ತಮುತ್ತ ಹೀಗೆ ಎದೆ ತಟ್ಟಿ ಹೇಳಬಲ್ಲವರು ಇನ್ನಾರಿದ್ದಾರೆ? ಕಾರಣ ಸರಳ. ಅವರು ಒಂದು ಶೇರನ್ನೂ ಕೊಂಡವರಲ್ಲ!

ಆಸೆ ಇರಲಿಲ್ಲವೆಂದಲ್ಲ. ತೊಂಬತ್ತರ ದಶಕದಲ್ಲಿ ಮುಂಬೈಯ ಗೆಳೆಯನೊಬ್ಬ ಶೇರು ಬೆಲೆಯ ಏರಿಳಿತವನ್ನು ಚಿತ್ರ ಬರೆದು ಓದುವ ಪುಸ್ತಕವೊಂದನ್ನು ಅವರಿಗೆ ಕೊಟ್ಟ. ಶೇರಿನ ಒಂದು ದಿನದ ಬೆಲೆಗೆ ಒಂದು ಕಡ್ಡಿ. ಬೆಳಗಿನ ಬೆಲೆಯಿಂದ ಮುಕ್ತಾಯದ ಬೆಲೆಯವರೆಗೆ ದಪ್ಪ ಒಡಲು. ದಿನದಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಎನ್ನಲು ಮೇಲೆ ಕೆಳಗೆ ತೆಳ್ಳನೆಯ ಬತ್ತಿ. ಥೇಟ್ ಮೇಣಬತ್ತಿ! ಬೆಲೆ ಇಳಿಯುತ್ತಿರುವಾಗ ಸಣ್ಣ ಒಡಲು, ಕೆಳಗೆ ಉದ್ದ ಬತ್ತಿ ಬಂದರೆ ಅದು ‘ಸುತ್ತಿಗೆ’, ಇನ್ನು ಏರಿಕೆ. ಏರುತ್ತಿರುವಾಗ ಉದ್ದ ಬತ್ತಿ ಮೇಲಕ್ಕೆ ಚಾಚಿದರೆ ‘ಬೀಳುವ ಚುಕ್ಕಿ’, ಇನ್ನು ಇಳಿತ. ಬೇರೆಯವರಾಗಿದ್ದರೆ ಇಷ್ಟು ಓದಿ ಶೇರು ಕೊಳ್ಳುತ್ತಿದ್ದರು. ಕಾಕಾ ‘ಸಣ್ಣ’ ಎಂಬ ಮಾತಿನಲ್ಲೇ ಸಿಕ್ಕಿಬಿದ್ದರು.

“ಸಣ್ಣದು ಅಂದ್ರ ಎಷ್ಟ ಸಣ್ಣದು? ಉದ್ದ ಅಂದ್ರ ಎಷ್ಟ ಉದ್ದ?”

ಕೊನೆಗೆ ತಾವೇ ಕಾಯಿದೆ ಮಾಡಿದರು. ಬತ್ತಿ ಒಡಲಿನ ಎರಡು ಪಟ್ಟಾದರೂ ಇರಬೇಕು. ಕೂದಲೆಳೆಯಷ್ಟು ಕಡಿಮೆಯಾದರೂ ಸುತ್ತಿಗೆಯಲ್ಲ. ಇದ್ದರೂ, ಮರುದಿನದ ಕಡ್ಡಿ ಖಾತ್ರಿ ಮಾಡುವವರೆಗೆ ಹೆಸರಿಡುವಂತಿಲ್ಲ. ಆ ಕಡ್ಡಿಯ ಬೆಲೆ ಹೊತ್ತ ಪತ್ರಿಕೆ ಬಸ್ಸಿನಲ್ಲಿ ಕಾಕಾನ ಊರು ಅಕ್ಕೋಳ ಮುಟ್ಟುವಷ್ಟರಲ್ಲಿ ಶೇರು ಏರಿ ಕೂತಿರುತ್ತಿತ್ತು!

“ನೋಡಿದ್ಯಾ? ಖರೇನ ಸುತ್ತಿಗಿ ಇತ್ತು!” ಎಂದು ಕಾಕಾ ಹಿಗ್ಗುತ್ತಿದ್ದರು. ಕೊಂಡವರಿಗೂ ಅಷ್ಟು ಖುಷಿಯಾಗಿರಲಿಕ್ಕಿಲ್ಲ.

ಅವರ ಹೆಂಡತಿ, ನಮ್ಮ ಕಾಕೂ, ಇದಕ್ಕೆಲ್ಲ ಬಗ್ಗುವವಳಲ್ಲ. “ಮುಂಜಾನಿಂದ ಸಂಜೀತನಾ ಮೇಣಬತ್ತಿ ಬರೀತಾರ. ಕರೆಂಟ್ ಹೋದ್ರ ಹಚ್ಚಾಕ ಮನ್ಯಾಗ ಒಂದೂ ಇಲ್ಲ!”

ನಾನು ಆಗ ಚಿಕ್ಕೋಡಿಯಿಂದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ಕಾಕಾ ನನ್ನನ್ನೂ ಬಿಡಲಿಲ್ಲ. “ಸಭಾಕ್ಕ ಭಾರಿ ಮಂದಿ ಸೇರಿದ್ರು ಅಂತ ಬರದಿಯಲ್ಲೋ, ಭಾರಿ ಅಂದ್ರ ಎಷ್ಟ?” ನಮ್ಮ ಸಂಪಾದಕರೂ ಎಂದೂ ಕೇಳದ ಪ್ರಶ್ನೆ!

ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾದಾಗ ಕಾಕಾನನ್ನು ನಾನೇ ಕರೆದೊಯ್ದೆ. ಕಾಯಿದೆಯನ್ನು ಸೂತ್ರವಾಗಿ ಹಾಕಿಕೊಟ್ಟರೆ ಯಂತ್ರವೇ ಸುತ್ತಿಗೆಗಳನ್ನು ಹೆಕ್ಕುತ್ತದಂತೆ.

“ಇದಕ್ಕ ಸಣ್ಣ, ದೊಡ್ಡ ತಿಳಿಯಂಗಿಲ್ರಿ ಕಾಕಾರ. ಎಷ್ಟು ಅಂತ ಹೇಳಬೇಕ್ರಿ,” ಎಂದರು ಅಲ್ಲಿಯ ಮಾಸ್ತರರು.

ಕಾಕಾನ ಕಣ್ಣು ತುಂಬಿ ಬಂದವು. “ನನ್ನಂಥಾದು ಇನ್ನೊಂದು ಐತಲ್ಲೋ!”

ಯಂತ್ರ ಗುರ್ ಎಂದು ಯೋಚಿಸಿ ಮೊದಲ ಸುತ್ತಿಗೆಯನ್ನು ಹೆಕ್ಕಿತು. ನೋಡಿದರೆ, ಆ ದಿನ ಆ ಕಂಪನಿಯ ಶೇರನ್ನು ಯಾರೂ ಮುಟ್ಟಿಯೇ ಇಲ್ಲ! ಒಡಲಿಲ್ಲ, ಬತ್ತಿಯಿಲ್ಲ, ಬರೀ ಅಡ್ಡಗೆರೆ.

“ಇದು ಸುತ್ತಿಗಿ ಅಲ್ರಿ ಕಾಕಾರ, ಹೆಣ!” ಮಾಸ್ತರರು ಬಿದ್ದು ಬಿದ್ದು ನಕ್ಕರು.

ಕಾಕಾ ನಗಲಿಲ್ಲ. “ತಪ್ಪು ಅದರದಲ್ಲ, ನಂದು. ಸೊನ್ನೀದು ಎರಡ ಪಟ್ಟೂ ಸೊನ್ನೀನ. ಮೊದಲ ಒಡಲು ಇರಬೇಕು ಅಂತ ಬರೀರಿ.”

ಅಂದಿನಿಂದ ಮನೆಯಲ್ಲಿ ಊಟವೂ ಕಷ್ಟವಾಯಿತು.

“ಉಪ್ಪು ಸ್ವಲ್ಪ ಕಡಿಮಿ ಆಗೇತೇನ್ರಿ?”

“ಸ್ವಲ್ಪ ಅಂದ್ರ ಎಷ್ಟ?”

“ನಿಮಗಿರೋ ಬುದ್ಧಿಯಷ್ಟ! ಒಮ್ಮೆರೆ ಬರೇ ಹೂಂ ಅನ್ರಿ, ನನಗ ಅಷ್ಟ ಸಾಕು.”

ಆ ಮಳೆಗಾಲದಲ್ಲಿ ಕಾಕೂಗೆ ವಿಷಮಜ್ವರ ಬಂತು. ನಿಪ್ಪಾಣಿಯ ಆಸ್ಪತ್ರೆಗೆ ಸೇರಿಸಿದೆವು. ಕಾಕಾ ಮಂಚದ ಪಕ್ಕ ಕೂತು ಜ್ವರಕ್ಕೂ ಕಡ್ಡಿ ಬರೆಯತೊಡಗಿದರು. ಬೆಳಗಿನ ಜ್ವರ, ಸಂಜೆಯ ಜ್ವರ, ನಡುವೆ ಏರಿದ್ದು, ಇಳಿದದ್ದು. ಕಡ್ಡಿಗಳು ಮೆಟ್ಟಿಲಿನಂತೆ ಮೇಲೇರುತ್ತಿದ್ದವು. ಡಾಕ್ಟರು “ಸ್ವಲ್ಪ ಕಾಯೋಣ” ಎಂದರು. ಎಷ್ಟು ಎಂದು ಕಾಕಾ ಕೇಳಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂದು ಮಧ್ಯಾಹ್ನ ಜ್ವರ ಜೋರಾಗಿ ಏರಿ, ಸಂಜೆಗೆ ಬೆಳಗಿನ ಮಟ್ಟದತ್ತ ಸಾಕಷ್ಟು ಇಳಿಯಿತು. ಕಾಕಾ ಕಡ್ಡಿ ಬರೆದು, ಹಾಳೆಯನ್ನು ನನ್ನ ಮುಂದೆ ಹಿಡಿದರು.

“ಬೀಳೋ ಚುಕ್ಕಿ. ಇನ್ನ ಇಳೀತೈತಿ.”

ನಾನು ಅವರದೇ ಸ್ಕೇಲು ಇಟ್ಟು ನೋಡಿದೆ. “ಬತ್ತಿ ಎರಡ ಪಟ್ಟ ಇಲ್ಲ ಕಾಕಾ. ನಾಳಿ ಖಾತ್ರಿ ಆಗ್ಲಿ...”

ಕಾಕಾ ನನ್ನ ಕೈಯಿಂದ ಸ್ಕೇಲು ಕಸಿದು ಜೇಬಿಗೆ ಹಾಕಿಕೊಂಡರು. ನಮ್ಮ ಗಲಾಟೆಗೆ ಕಾಕೂ ಕಣ್ಣು ತೆರೆದಳು.

“ಜ್ವರ ಸ್ವಲ್ಪ ಕಡಿಮಿ ಆಗೇತೇನ್ರಿ?”

“ಹೂಂ,” ಎಂದರು ಕಾಕಾ.

ಅವಳು ಅವರ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ಮರುದಿನ ಜ್ವರ ಇಳಿಯಿತು. ಆ ದಿನದ ಕಡ್ಡಿಯನ್ನು ಕಾಕಾ ಬರೆಯಲೇ ಇಲ್ಲ.