ಹಲಸಿನ ಹಂಗಾಮಿನಲ್ಲಿ ಟೀವಿ ಬಂದ್ ಮಾಡಿದವಳ ಅಹವಾಲು

ಶ್ರೀ ಟೀವಿ ಮಹಾಶಯರಿಗೆ,
ನಡುಮನೆಯ ಗೋಡೆ, ದೇವರ ಫೋಟೋಕ್ಕಿಂತ ಒಂದು ಗೇಣು ಮೇಲೆ,
ಬಾಡ, ಕುಮಟಾ ತಾಲೂಕು.

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ಈ ಮನೆಯ ಸೊಸೆ ಅಮಿತಾ ಸಂತೋಷ ನಾಯ್ಕಳ ಭಯಭಕ್ತಿಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ಈ ಮನೆಯಲ್ಲಿ ದಿನಾ ಮೆತ್ತನೆಯ ಬಟ್ಟೆಯಿಂದ ಮುಖ ಒರೆಸಿಸಿಕೊಳ್ಳುವವರು ತಾವೊಬ್ಬರೇ. ಹೋದ ವರ್ಷ ಗುಡುಗು ಸಿಡಿಲಾದಾಗ, ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ನನ್ನನ್ನು ನಮ್ಮ ಯಜಮಾನರು ಕೂಗಿ ಕರೆದದ್ದು ನಾನು ಒಳಗೆ ಬರಲಿ ಎಂದಲ್ಲ, ತಮ್ಮ ಪ್ಲಗ್ಗು ತೆಗೆಯಲಿ ಎಂದು. ಈ ಅಹವಾಲನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಗುಟ್ಟಾಗಿ ಹೇಳೋಣವೆಂದರೆ ಜಾಹೀರಾತು ಬರುವ ತನಕ ಕಾಯಬೇಕು, ಜಾಹೀರಾತು ಬಂದಾಗ ತಮ್ಮ ಧ್ವನಿಯೇ ಎಲ್ಲಕ್ಕಿಂತ ಜೋರು.

ಮೊದಲಿಗೆ ನನ್ನ ಅಪರಾಧವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕುಮಟೆಯ ಒಂದು ಔಷಧದಂಗಡಿಯಲ್ಲಿ ಹಗಲಿಡೀ ನಿಂತು ಗುಳಿಗೆ ಕೊಡುವ ಕೆಲಸ ನನ್ನದು. ಈ ಬೇಸಿಗೆಯಲ್ಲಿ, ಯಾರದೋ ಕಂಪನಿಯ ಹೆಸರಿರುವ ಡಬ್ಬಗಳನ್ನು ಜನ್ಮವಿಡೀ ದಾಟಿಸುತ್ತಲೇ ಇರುವ ಬದಲು ನನ್ನ ಹೆಸರಿನದೂ ಒಂದು ಪೊಟ್ಟಣ ಎಲ್ಲಾದರೂ ಅಂಗಡಿಯಲ್ಲಿ ಕೂತಿರಲಿ ಎಂಬ ದುರಾಸೆ ನನಗೆ ಹುಟ್ಟಿತು. ನನ್ನ ತವರು ಭಟ್ಕಳ ಕಡೆಯ ಬೆಳಕೆ. ಅಲ್ಲಿ ನನ್ನ ತಾಯಿ ಮಾಡುತ್ತಿದ್ದ ಹಲಸಿನ ಹಪ್ಪಳದ ಹದ, ಆಕೆ ತೀರಿಕೊಂಡ ಮೇಲೆ ಉಳಿದಿರುವುದು ನನ್ನೊಬ್ಬಳ ಕೈಯಲ್ಲಿ. ಹೊನ್ನಾವರ–ಭಟ್ಕಳದ ನಡುವೆ ಟೆಂಪೋ ಓಡಿಸುವ ನಮ್ಮ ಯಜಮಾನರು ಒಂದು ಪೊಟ್ಟಣವನ್ನು ಇಡಗುಂಜಿಯ ದೇವಸ್ಥಾನದ ದಾರಿಯಲ್ಲಿ ಅಂಗಡಿ ಇಟ್ಟಿರುವ ತ್ರ್ಯಂಬಕ ಭಟ್ಟರಿಗೆ ಕೊಟ್ಟುಬಂದರು. ಭಟ್ಟರು ಒಂದನ್ನು ಕೆಂಡದಲ್ಲಿ ಸುಟ್ಟು ತಿಂದು ಫೋನ್ ಮಾಡಿದರು: "ತಂಗಿ, ಮಳೆ ಹಿಡಿಯೂದ್ರೊಳಗೆ ಮಾಲು ಕಳಿಸಿದ್ರೆ ವರ್ಷಪೂರ್ತಿ ನಿನ್ ಹಪ್ಪಳನೇ ಇಡ್ತೆ. ತಡ ಆದ್ರೆ ಬೇರೆಯವ್ರದ್ದು ನೋಡ್ಕಳ್ತೆ." ಯಾತ್ರೆಗೆ ಬಂದವರೆಲ್ಲ ಗಣಪತಿಯ ಪ್ರಸಾದದ ಜೊತೆಗೆ ಅಮಿತಾಳ ಹಪ್ಪಳವನ್ನೂ ಒಯ್ಯುತ್ತಿರುವ ದೃಶ್ಯವನ್ನು ಆವತ್ತೇ ಕಣ್ತುಂಬಾ ಕಂಡೆ. ದೃಶ್ಯ ತೋರಿಸುವ ಹಕ್ಕು ತಮ್ಮೊಬ್ಬರದು ಎಂಬುದು ಆಗ ನೆನಪಿಗೆ ಬರಲಿಲ್ಲ, ಕ್ಷಮಿಸಬೇಕು.

ಅದೇ ದಿನಗಳಲ್ಲಿ ಮೊಬೈಲಿನಲ್ಲಿ ಕೋಟು ಹಾಕಿಕೊಂಡ ಒಬ್ಬ ಮಹಾನುಭಾವರು, ಟೀವಿ ನೋಡುವ ಹೊತ್ತನ್ನು ಉಳಿಸಿದರೆ ಯಾರು ಬೇಕಾದರೂ ಉದ್ಯಮಿಯಾಗಬಹುದೆಂದು ಬೋಧಿಸಿದರು. ನಾನು ಕೂಡಲೇ ತಮ್ಮನ್ನು ಬಂದ್ ಮಾಡಿ, ರಿಮೋಟನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಯಜಮಾನರು ಈ ಕ್ರಾಂತಿಗೆ ತುಂಬು ಹೃದಯದ ಬೆಂಬಲ ಕೊಟ್ಟರು. ತಾನು ನೋಡುವ ಸುದ್ದಿ ಚರ್ಚೆ ಮಾತ್ರ ಟೀವಿ ನೋಡುವುದರಲ್ಲಿ ಬರುವುದಿಲ್ಲ, ಅದು ದೇಶದ ಕೆಲಸ ಎಂದು ತಿದ್ದುಪಡಿ ಸೂಚಿಸಿದರು. ಅದನ್ನು ನಾನು ಒಪ್ಪದಿದ್ದುದಕ್ಕೆ ದೇಶದ ಕೆಲಸವನ್ನು ಆವತ್ತು ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಮಾಡಿ ಬಂದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮಗೆ ನಿವೇದಿಸಬೇಕು. ಗೋಡೆಯ ಮೇಲಿಂದ ದಿನಾ ನೋಡಿದ್ದೀರಿ, ಆದರೆ ನೋಡುವವರ ಕಡೆ ನೋಡುವ ಅಭ್ಯಾಸ ತಮಗಿಲ್ಲ. ಹಲಸಿನ ಹಂಗಾಮಿನಲ್ಲಿ ಒಂದು ಮನೆಯಲ್ಲಿ ಕಾಯಿ ಹೆಚ್ಚಿದರೆಂದರೆ, ದೀಪ ಹಚ್ಚಿದ ಮೇಲೆ ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಕತ್ತಿ ಹಿಡಿದು ತಾವಾಗಿಯೇ ಬರುತ್ತಾರೆ. ಕೈಗೆ ಎಣ್ಣೆ ಸವರಿಕೊಂಡು, ಮೇಣ ಒರೆಸುತ್ತಾ, ತೊಳೆ, ಅಂದರೆ ನಮ್ಮ ಮಾತಿನ ಸೊಳೆ, ಬಿಡಿಸಿ, ಬೀಜ ಬೇರೆ ಮಾಡಿ ರಾಶಿ ಹಾಕಿಕೊಟ್ಟು ಹೋಗುತ್ತಾರೆ. ಯಾರೂ ಕರೆಯುವುದಿಲ್ಲ, ಯಾರೂ ಕೂಲಿ ಕೊಡುವುದಿಲ್ಲ. ಅವರ ಮನೆಯಲ್ಲಿ ಹೆಚ್ಚಿದ ದಿನ ನಾವು ಹೋಗುತ್ತೇವೆ, ಅಷ್ಟೇ ಲೆಕ್ಕ. ಹೀಗೆ ನಮ್ಮ ಮನೆಗೆ ಬರುತ್ತಿದ್ದವರ ಮುಂದಾಳು ಪಕ್ಕದ ಮನೆಯ ದುರ್ಗಕ್ಕ. ಬೆಳಗ್ಗೆ ನಾನು ಸೊಳೆ ಬೇಯಿಸಿ, ಖಾರ ಹಾಕಿ ಕುಟ್ಟಿ, ಉಂಡೆ ಕಟ್ಟಿಟ್ಟು ಬಸ್ಸಿಗೆ ಓಡಿದರೆ, ಒತ್ತಿ ಬಿಸಿಲಿಗೆ ಹಾಕುವುದು ನಮ್ಮ ಅತ್ತೆ ಹನುಮಕ್ಕನವರ ಕೆಲಸ. ಎಲ್ಲ ಸುಸೂತ್ರವಾಗಿತ್ತು. ತಮ್ಮನ್ನು ಬಂದ್ ಮಾಡಿದರೆ ಇನ್ನೂ ಚುರುಕಾಗುತ್ತದೆ ಎಂದು ನನ್ನ ಬುದ್ಧಿ ಹೇಳಿತು.

ಆ ಸಂಜೆ ಬಂದ ದುರ್ಗಕ್ಕ ಗೋಡೆಯ ಮೇಲಿನ ತಮ್ಮ ಕಪ್ಪು ಮುಖವನ್ನು ನೋಡಿ, ನೆತ್ತಿಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿದ್ದಾಗಲೇ, "ಕರೆಂಟ್ ಹೋತಾ?" ಎಂದು ಕೇಳಿದರು. ಇಲ್ಲವೆಂದೆ. "ಹಂಗಾರೆ ಹಾಳಾತಾ?" ಎಂದರು. ಇನ್ನು ಮೇಲೆ ಹೊತ್ತು ಹಾಳು ಮಾಡದೆ ಕೆಲಸ ಮಾಡೋಣವೆಂದು ನಾನು ಕೋಟಿನ ಮಹಾನುಭಾವರ ಉಪದೇಶವನ್ನು ನಮ್ಮ ಭಾಷೆಯಲ್ಲಿ ಒಪ್ಪಿಸಿದೆ. ಎಲ್ಲರೂ ಕತ್ತಿ ಹಿಡಿದು ಕೂತರು. ತಮ್ಮ ಧಾರಾವಾಹಿಯ ನಾಯಕಿ ಅಳುವಾಗ ಚಕಚಕನೆ ಓಡುತ್ತಿದ್ದ ಕೈಗಳು, ಈಗ ಎಲ್ಲರೂ ಕೈಯನ್ನೇ ನೋಡಿಕೊಂಡು ಕೆಲಸ ಮಾಡತೊಡಗಿದ್ದರಿಂದ, ಹೊಸದಾಗಿ ಕಲಿಯುವವರಂತೆ ತಡವರಿಸಿದವು. ಬಾಯಿ ಖಾಲಿ ಇತ್ತಲ್ಲ, ಏನಾದರೂ ಮಾತಾಡಬೇಕಾಯಿತು. ಕಾಯಿ ಚೆನ್ನಾಗಿದೆ ಎಂದು ಯಾರೋ ಹೊಗಳಿದರು. ಆ ಕಾಯಿ ಬಿಟ್ಟದ್ದು ನಮ್ಮ ಮತ್ತು ದುರ್ಗಕ್ಕನ ಬೇಲಿಯ ಸಾಲಿನಲ್ಲೇ ನಿಂತಿರುವ ಬಕ್ಕೆ ಹಲಸಿನ ಮರದಲ್ಲಿ.

"ಚಲೋ ಇರದೆ ಎಂತ? ನನ್ನ ಮಾವ ನೆಟ್ಟ ಮರ ಅದು" ಎಂದರು ದುರ್ಗಕ್ಕ.

"ನಿನ್ನ ಮಾವ ನೆಟ್ಟದ್ದು ಬೇಲಿ. ಮರ ಮೊದ್ಲೇ ಇತ್ತು" ಎಂದರು ನಮ್ಮ ಅತ್ತೆ.

ಮಾನ್ಯರೇ, ಆಗ ನನಗೆ ತಮ್ಮ ನಿಜವಾದ ಮಹಿಮೆ ತಿಳಿಯಿತು. ಈ ಎರಡು ಮನೆಗಳ ನಡುವೆ ಇಷ್ಟು ವರ್ಷ ಶಾಂತಿ ಕಾಪಾಡಿಕೊಂಡು ಬಂದದ್ದು ಪಂಚಾಯಿತಿಯೂ ಅಲ್ಲ, ಊರ ಹಿರಿಯರೂ ಅಲ್ಲ, ತಾವು. ಬೇರೊಬ್ಬರ ಮನೆಯ ಆಸ್ತಿ ಜಗಳವನ್ನು ದಿನಾ ತೋರಿಸಿ, ನಮ್ಮ ಮನೆಯ ಆಸ್ತಿ ಜಗಳವನ್ನು ಮುಂದೂಡುತ್ತಾ ಬಂದ ತಮ್ಮ ಮುತ್ಸದ್ದಿತನವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವು ಕಣ್ಣು ಮುಚ್ಚಿದ ಒಂದೇ ಸಂಜೆಯಲ್ಲಿ ಬೇಲಿ, ಬೇಲಿಯ ಗೂಟ, ಗೂಟ ಹೊಡೆದವರ ಅಪ್ಪ ಅಜ್ಜ ಎಲ್ಲರೂ ನಡುಮನೆಗೆ ಬಂದು ಕೂತರು. ಕೊನೆಗೆ ದುರ್ಗಕ್ಕ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆತು. ನಿಮ್ಮ ಮರ, ನಿಮ್ಮ ಸೊಳೆ. ನಾ ಹೋಗ್ತೆ" ಎಂದು ಕತ್ತಿ ತೆಗೆದುಕೊಂಡು ಎದ್ದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು, ಧಾರಾವಾಹಿ ಮುಗಿಯುವ ಮೊದಲು ಇನ್ನೊಂದು ಮನೆ ಸೇರಬೇಕಿತ್ತು.

ಮರುದಿನ ಬೇಲಿಯ ಆ ಕಡೆಯ ಕೊಂಬೆಗಳ ಕಾಯಿಗಳನ್ನು ದುರ್ಗಕ್ಕ ಕೊಯ್ಯಿಸಿದರು. ಆ ಸಂಜೆ ಹೆಂಗಸರೆಲ್ಲ ಅವರ ಮನೆಯಲ್ಲಿ. ನಾನು ಅಕ್ಕಿ ಡಬ್ಬಕ್ಕೆ ಕೈ ಹಾಕಿ, ರಿಮೋಟ್ ಹುಡುಕಿ, ತಮ್ಮನ್ನು ಮತ್ತೆ ಸಿಂಹಾಸನಕ್ಕೇರಿಸಿದೆ. ಬೇಲಿಯಾಚೆಗೂ ಕೇಳಲಿ ಎಂದು ಧ್ವನಿಯನ್ನು ಕಿವಿ ಕಿತ್ತುಹೋಗುವಷ್ಟು ಏರಿಸಿದೆ. ದುರ್ಗಕ್ಕ ಅವರದನ್ನು ಇನ್ನೂ ಏರಿಸಿದರು. ಅವರದು ಕೇಬಲ್, ನಮ್ಮದು ಡಿಶ್, ಆದ್ದರಿಂದ ನಾಯಕಿ ಮೊದಲು ಅಲ್ಲಿ ಅತ್ತು ಆಮೇಲೆ ಇಲ್ಲಿ ಅಳುತ್ತಿದ್ದಳು. ಮುಂದೆ ಏನಾಗುತ್ತದೆ ಎನ್ನುವುದು ಪಕ್ಕದ ಮನೆಯ ನಿಟ್ಟುಸಿರಿನಿಂದಲೇ ನಮ್ಮ ಅತ್ತೆಗೆ ಗೊತ್ತಾಗಿಹೋಗುತ್ತಿತ್ತು. ಒಬ್ಬರೂ ಬರಲಿಲ್ಲ. ನಾನೂ ಅತ್ತೆಯೂ ಬಿಡಿಸಿದ ಸೊಳೆ ಒಂದು ಬುಟ್ಟಿಯ ತಳ ಮುಚ್ಚಲಿಲ್ಲ, ಉಳಿದ ಕಾಯಿಗಳು ಜಗಲಿಯಲ್ಲೇ ಹಣ್ಣಾಗಿ ಮನೆಯಿಡೀ ಘಮಘಮಿಸಿದವು. ಹಣ್ಣಾದ ಹಲಸು ಹಪ್ಪಳಕ್ಕೆ ಬರುವುದಿಲ್ಲ. ಆ ಪರಿಮಳ ಮೂಗಿಗೆ ಬಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು, ತಮ್ಮ ನಾಯಕಿಯಂತೆ ಹಿನ್ನೆಲೆ ಸಂಗೀತವಿಲ್ಲದೆ.

ಇನ್ನು ದುರ್ಗಕ್ಕನ ಮನೆಯಲ್ಲಿ ಬಿಡಿಸಿದ ಅಷ್ಟೊಂದು ಸೊಳೆ ಏನಾಗಬೇಕು? ಹಪ್ಪಳವಾಯಿತು. ಹಪ್ಪಳ ಏನಾಗಬೇಕು? ಕಟ್ಟು ಕಟ್ಟಿ, ಇಡಗುಂಜಿಯ ಭಟ್ಟರ ಅಂಗಡಿಗೆ ಕೊಟ್ಟುಬರಲು ಒಬ್ಬ ಟೆಂಪೋದವರ ಕೈಯಲ್ಲಿ ಕಳಿಸಿದರು. ಆ ಟೆಂಪೋದವರು ನಮ್ಮ ಯಜಮಾನರೇ. ಕೇಳಿದ್ದಕ್ಕೆ, "ಪಕ್ಕದ ಮನೆಯವ್ರು ಬಾಯಿಬಿಟ್ಟು ಕೇಳ್ದಾಗ ಎಂತ ಹೇಳುದು ಮಾರಾಯ್ತಿ?" ಎಂದರು. ನಿಷ್ಪಕ್ಷಪಾತ ಚರ್ಚೆಗಳನ್ನು ನೋಡಿ ನೋಡಿ ಅವರಿಗೆ ಹೆಂಡತಿಯ ಪಕ್ಷವನ್ನೂ ಹಿಡಿಯಬಾರದೆಂಬ ಉದಾರತೆ ಬಂದುಬಿಟ್ಟಿದೆ. ಆದರೆ ಅವರು ತಂದ ಸುದ್ದಿ ನನ್ನ ಜೀವಕ್ಕೆ ತಂಪೆರೆಯಿತು. ಭಟ್ಟರು ಸುಟ್ಟು ತಿಂದು, "ಮಾಲು ಅಡ್ಡಿಲ್ಲೆ, ಆದ್ರೆ ಮುಂಚಿನ ರುಚಿ ಇಲ್ಲೆ. ಆ ರುಚಿ ಬಂದ್ರೆ ಇಡ್ತೆ" ಎಂದು ಕಟ್ಟನ್ನು ತಿರುಗಿ ಕಳಿಸಿದ್ದರು. ಕೈಗಳೆಲ್ಲ ಅವರ ಕಡೆ ಇದ್ದರೇನು, ರುಚಿ ನನ್ನ ಕಡೆ ಇತ್ತು. ಹಟ ಹಿಡಿದು ಕೂತರೆ ದುರ್ಗಕ್ಕನೇ ರಾಜಿಗೆ ಬಂದು, ಅವರ ಕಾಯಿ, ನನ್ನ ಹದ, ಪೊಟ್ಟಣದ ಮೇಲೆ ನನ್ನ ಹೆಸರು ಎಂದು ಒಪ್ಪಂದವಾದೀತು ಎಂದು ಮನಸ್ಸಿನಲ್ಲೇ ಮಂಡಿಗೆ ಮೆದ್ದೆ.

ಅಷ್ಟರಲ್ಲಿ ಅತ್ತೆ ಅಡ್ಡ ಬಂದರು. ಅವರ ಜಗಳ ಅವರದು, ಪದ್ಧತಿ ಪದ್ಧತಿಯೇ. "ಅವ್ರ ಮನೇಲಿ ಕಾಯಿ ಹೆಚ್ಚಿದಾರೆ, ನಮ್ಮನೆಯಿಂದ ಒಂದು ಆಳಾದ್ರೂ ಹೋಗ್ಬೇಕು. ನಾ ಅಂತೂ ಹೋಗುದಿಲ್ಲ, ನೀ ಹೋಗು" ಎಂದು ಕತ್ತಿಯನ್ನು ನನ್ನ ಕೈಗೆ ಕೊಟ್ಟರು. ಹೋದೆ. ದುರ್ಗಕ್ಕ ಸರಿದು ಜಾಗ ಕೊಟ್ಟು, ಎಣ್ಣೆಯ ಬಟ್ಟಲನ್ನು ನನ್ನ ಕಡೆ ತಳ್ಳಿ, "ಬಾ, ಕುತ್ಕೋ, ಈಗಷ್ಟೇ ಶುರು ಆತು" ಎಂದರು. ಅಷ್ಟು ದಿನ ತಮ್ಮ ಧಾರಾವಾಹಿಯನ್ನು ಅರ್ಧಂಬರ್ಧ ಕೇಳಿದ್ದ ನಾನು, ತಮ್ಮ ಕೇಬಲ್ ಸಹೋದರರ ಎದುರು ಕೂತು ಪೂರ್ತಿ ನೋಡಿದ್ದು ಆವತ್ತೇ. ಏನು ಕಥೆ, ಏನು ಕಥೆ! ಸತ್ತನೆಂದುಕೊಂಡಿದ್ದ ಗಂಡ ಬಾಗಿಲಾಚೆ ನಿಂತಿದ್ದಾನೆ, ನಾಯಕಿ ಚಿಲಕದ ಮೇಲೆ ಕೈ ಇಟ್ಟಿದ್ದಾಳೆ, ಕ್ಯಾಮರಾ ಚಿಲಕವನ್ನು ಒಮ್ಮೆ, ಅವಳ ಕಣ್ಣನ್ನು ಒಮ್ಮೆ, ಅವಳ ಅತ್ತೆಯ ಮೂಗುತಿಯನ್ನು ಒಮ್ಮೆ ತೋರಿಸುತ್ತಿದೆ. ನನ್ನ ಕೈ ತನ್ನ ಪಾಡಿಗೆ ಸೊಳೆ ಬಿಡಿಸುತ್ತಿತ್ತು.

"ಅಮಿತಾ, ಖಾರಕ್ಕೆ ನೀ ಎಂತ ಹಾಕ್ತಿದ್ದೆ?" ಎಂದು ದುರ್ಗಕ್ಕ ಕೇಳಿದರು.

"ಹಸಿ ಸೂಜಿಮೆಣಸು" ಎಂದೆ, ಪರದೆಯಿಂದ ಕಣ್ಣು ಕೀಳದೆ. "ಸೊಳೆ ಬಿಸಿ ಇದ್ದಾಗ್ಲೇ ಹಾಕಿ ಕುಟ್ಟುದು. ಕಡೆಗೆ ಒಂದು ಚಿಟಿಕೆ ಓಮ."

"ಆತು" ಎಂದರು ದುರ್ಗಕ್ಕ.

ಮಾನ್ಯರೇ, ನನ್ನ ತಾಯಿ ಸ್ವಂತ ನಾದಿನಿಗೂ ಹೇಳದ ಹದ ಅದು. ಪೊಲೀಸರು ಹೊಡೆದರೂ ನಾನು ಬಾಯಿ ಬಿಡುತ್ತಿರಲಿಲ್ಲ. ತಮಗೋ ಒಂದು ಚಿಲಕ ಸಾಕಾಯಿತು. ಮಳೆ ಹಿಡಿಯುವ ಮೊದಲೇ ದುರ್ಗಕ್ಕನ ಹಪ್ಪಳ ಇಡಗುಂಜಿಯ ಅಂಗಡಿ ಸೇರಿತು. ಭಟ್ಟರು ಈ ಸಲ ತಿರುಗಿ ಕಳಿಸಲಿಲ್ಲ. ಪೊಟ್ಟಣದ ಮೇಲೆ ದುರ್ಗಕ್ಕನ ಹೆಸರಿದೆ. ನನಗೆ ದುಃಖವಾಗಿದೆ ಎಂದು ಬರೆದರೆ ತಾವು ಅದಕ್ಕೂ ಸಂಗೀತ ಹಾಕಿಬಿಡುತ್ತೀರಿ, ಆದರೂ ಬರೆಯುತ್ತೇನೆ: ಬಹಳ ದುಃಖವಾಗಿದೆ.

ಆದ ಕಾರಣ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಬರುವ ಹಂಗಾಮಿನಲ್ಲಿ ನಾಯಕಿಯ ಗಂಡ ಸಾಯುವುದು, ಬದುಕಿ ಬರುವುದು, ನೆನಪು ಕಳೆದುಕೊಳ್ಳುವುದು ಮುಂತಾದ ಶುಭಕಾರ್ಯಗಳನ್ನು ಕಡ್ಡಾಯವಾಗಿ ನಮ್ಮ ಮನೆಯ ಡಿಶ್ಶಿನಲ್ಲಿ ಮೊದಲು ನೆರವೇರಿಸಿ, ಕೇಬಲ್‌ಗೆ ಆಮೇಲೆ ಕಳಿಸಬೇಕು. ಬೇಲಿಯಲ್ಲಿ ನಿಂತ ಹಲಸಿನ ಮರಕ್ಕಾಗಿ ಜಗಳವಾಡಿದ ಇಬ್ಬರು ಮುದುಕಿಯರು ತಬ್ಬಿಕೊಂಡು ಅಳುವ ಒಂದು ಸಂಚಿಕೆಯನ್ನು ದಯವಿಟ್ಟು ಸೇರಿಸಬೇಕು, ನಮ್ಮ ಅತ್ತೆ ನಾವು ಹೇಳಿದರೆ ಕೇಳುವವರಲ್ಲ, ತಾವು ತೋರಿಸಿದರೆ ನಂಬುತ್ತಾರೆ. ಹಂಗಾಮು ಮುಗಿಯುವ ತನಕ ನಾಯಕಿಯ ಕಣ್ಣೀರು ನಿಲ್ಲಬಾರದು, ಅವಳು ಸುಖವಾದ ದಿನ ನಮ್ಮ ಸೊಳೆ ಬಿಡಿಸಲು ಯಾರೂ ಬರುವುದಿಲ್ಲ. ಆ ಕೋಟಿನ ಮಹಾನುಭಾವರನ್ನು ಹೇಗಾದರೂ ತಮ್ಮೊಳಗೆ ಕರೆಸಿ, ಯಜಮಾನರ ಚರ್ಚೆಯ ಹೊತ್ತಿಗೆ, ಒಟ್ಟಿಗೇ ಕೂಗಾಡುವ ಒಂಬತ್ತು ಜನರ ನಡುವೆ ಕೂರಿಸಬೇಕು. ಇಷ್ಟನ್ನು ನಡೆಸಿಕೊಟ್ಟರೆ ದಿನಾ ಎರಡು ಸಲ ಮುಖ ಒರೆಸುತ್ತೇನೆ, ಗುಡುಗಿದರೆ ನಾನೇ ಓಡಿ ಬಂದು ಪ್ಲಗ್ಗು ತೆಗೆಯುತ್ತೇನೆ.

ಇನ್ನು ಮುಂದೆ ತಮ್ಮನ್ನು ಬಂದ್ ಮಾಡುವ ಧೈರ್ಯವಿಲ್ಲದ,
ತಮ್ಮ ವಿಶ್ವಾಸಿ,
ಅಮಿತಾ ಸಂತೋಷ ನಾಯ್ಕ

ತಾ.ಕ.: ನಾನು ಹದ ಹೇಳಿದ ಆ ಸಂಜೆ ನಾಯಕಿ ಚಿಲಕ ತೆಗೆಯುವ ಮೊದಲೇ ಸಂಚಿಕೆ ಮುಗಿಯಿತು. ಮರುದಿನ ಚಿಲಕ ತೆಗೆದಳು, ಆಚೆ ಯಾರೂ ಇರಲಿಲ್ಲ, ಅದೆಲ್ಲ ಅವಳ ಕನಸೆಂದು ತೋರಿಸಿದಿರಿ. ತಮಗೆ ಈ ಸೌಲಭ್ಯವಿರುವುದು ಬಹಳ ಒಳ್ಳೆಯದಾಯಿತು. ನಿನ್ನೆ ದುರ್ಗಕ್ಕ ಬೇಲಿಯ ಮೇಲಿಂದ ಕೈಚಾಚಿ, "ತಿಂದು ನೋಡಿ ಹೇಳು" ಎಂದು ಅವರ ಹಪ್ಪಳ ಕೊಟ್ಟರು. ಒಲೆಯ ಮುಂದೆ ಕೂತು ಸುಟ್ಟು ತಿಂದೆ. ಏನಾದರೂ ಕೊರತೆ ಸಿಕ್ಕೀತೆಂದು ಎರಡನೆಯದನ್ನೂ ತಿಂದೆ. ಅಮ್ಮನ ಕೈಯದೇ ರುಚಿ.