ಹಿತ್ತಲ ಗಸ್ತು

ಜಗುಲಿಯ ಮೇಲೆ ಯತೀಶ ಮತ್ತು ಅವನ ತಾಯಿ ಸುನಂದಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಮಗ ಸೈನ್ಯದಿಂದ ರಜೆಗೆ ಬಂದು ಎಂಟು ದಿನವಾಗಿತ್ತು. ಹಿಂದಿನ ಎರಡು ಸಲವೂ ಹೆಣ್ಣು ಗೊತ್ತಾಗುವ ಮೊದಲೇ ರಜೆ ಮುಗಿದಿತ್ತು. ಈ ಸಲ ಕೆ.ಆರ್. ನಗರದ ಅನುಶ್ರೀಯ ಫೋಟೊ ಬಂದಿತ್ತು. ಅದನ್ನು ನೋಡಿದಾಗಿನಿಂದ ಅವನು ದಿನಕ್ಕೆರಡು ಸಲ ಗಡ್ಡ ಹೆರೆಯುತ್ತಿದ್ದ. ಹುಡುಗಿಯ ಕಡೆಯವರು ಭಾನುವಾರದೊಳಗೆ ಹೇಳುತ್ತೇವೆ ಎಂದಿದ್ದರು.

ಪಕ್ಕದ ಮನೆಯ ಜಯಲಕ್ಷ್ಮಮ್ಮ ಪೊರಕೆ ಹಿಡಿದೇ ಬಂದಳು.

“ನಾಕ್ನೇ ಕೋಳಿನೂ ಓಯ್ತು ಕಣಪ್ಪ. ದೇಶದ್ ಬಾರ್ಡರ್ ಕಾಯೋನ್ಗೆ ನಮ್ ಇತ್ಲು ಕಾಯಕ್ಕಾಗಲ್ವಾ?”

ಕರೆಯದಿದ್ದರೂ ಬರುವ ಎದುರು ಮನೆಯ ಚೆಲುವರಾಜು ಬಂದು ಕೂತ. “ಅಲ್ಕಣ್ಲಾ, ಗಸ್ತಲ್ಲಿ ಎಷ್ಟ್ ಜನುನ್ನ ಹೊಡ್ದೆ?”

“ಯಾರ್ನೂ ಇಲ್ಲ ಕಣಣ್ಣ. ನಡೀತೀವಿ, ನೋಡ್ತೀವಿ, ವಾಪಸ್ ಬಂದು ಹೇಳ್ತೀವಿ.”

“ಹೇಳೋದೊಂದ್ ಬುಟ್ರೆ ಮಿಕ್ಕಿದ್ದೆಲ್ಲಾ ನಮ್ಮೆಮ್ಮೆನೂ ಮಾಡ್ತದೆ ಬುಡು!”

ಯತೀಶನಿಗೆ ರೇಗಿತು. “ಸುಮ್ನೆ ಸುತ್ತೋದಲ್ಲ ಕಣಣ್ಣ. ನೋಡ್ಕೊಂಡು ಬರಕ್ಕೊಂದು ಗಸ್ತು, ಹೊಡಿಯಕ್ಕೊಂದು, ನಾವಿದೀವಿ ಅಂತ ತೋರ್ಸಕ್ಕೊಂದು. ಉದ್ದೇಶ ಕೆಟ್ರೆ ಎಲ್ಲಾ ಕೆಡ್ತದೆ. ಬನ್ನಿ, ತೋರುಸ್ತೀನಿ. ಇವತ್ತಿಂದು ಬರೀ ನೋಡೋದು. ಯಾರ್ನೂ ಮುಟ್ಟಂಗಿಲ್ಲ.”

ಸದ್ದಿಲ್ಲದೆ ಹೊರಟ ಗಸ್ತು ಮೂರನೇ ಮನೆ ದಾಟುವಷ್ಟರಲ್ಲಿ ಮದುವೆ ದಿಬ್ಬಣವಾಯಿತು. ಹಿಂದೆ ಒಂಬತ್ತು ಜನ. ಊರಿನ ಹಿತ್ತಲುಗಳನ್ನೆಲ್ಲ ಸುತ್ತಿ ಯತೀಶನ ಮನೆಯ ಹಿಂದಕ್ಕೇ ಬಂದರೆ, ಇಸ್ತ್ರಿ ಅಂಗಿಯ ಅಪರಿಚಿತನೊಬ್ಬ ಕೊಟ್ಟಿಗೆಯೊಳಗೆ ಇಣುಕುತ್ತಿದ್ದ.

ಯತೀಶ ಕೈಯೆತ್ತಿ, ಕುಳಿತುಕೊಳ್ಳಿ ಎಂದು ಸನ್ನೆ ಮಾಡಿದ. ಒಂಬತ್ತು ಜನಕ್ಕೂ ಅದು ನುಗ್ಗಿ ಎಂದು ಕಂಡಿತು. ಎಲ್ಲರೂ ನುಗ್ಗಿದ್ದು ನೋಡಿ ಆ ಅಪರಿಚಿತ ಓಡಲು ತಿರುಗಿ ಗೊಬ್ಬರದ ಗುಂಡಿಗೆ ಬಿದ್ದ.

“ಯಾರ್ಲಾ ನೀನು?” ಚೆಲುವರಾಜು ಅವನ ಕಾಲರ್ ಹಿಡಿದೆತ್ತಿದ.

“ಹಸು ವ್ಯಾಪಾರಕ್ ಬಂದೆ.”

“ಅಂಗಾರೆ ಹೇಳು, ಈ ಹಸೂಗೆ ಎಷ್ಟಲ್ಲು?”

ದನದ ವಯಸ್ಸನ್ನು ಎರಡು ಹಲ್ಲು, ನಾಲ್ಕು ಹಲ್ಲು ಎಂದು ಎಣಿಸುವ ಊರು ಅದು. ಆತ ಹಸುವಿನ ಮುಖವನ್ನೇ ನೋಡಿ, “ಮೂವತ್ತೆರಡು” ಎಂದ.

“ಕಳ್ಳನೇಯ!” ಎಂದು ಜಯಲಕ್ಷ್ಮಮ್ಮ ಪೊರಕೆಯಿಂದ ಎರಡು ಬಿಟ್ಟಳು. ಚೆಲುವರಾಜು ಅವನ ಜೇಬಿನಿಂದ ಚೀಟಿಯೊಂದನ್ನು ಕಿತ್ತು ಯತೀಶನಿಗೆ ಕೊಟ್ಟ. “ಜೋರಾಗ್ ಓದ್ಲಾ. ಯಾರ್ ಯಾರ್ ಮನೆ ಬರ್ಕಂಡವ್ನೆ ನೋಡವ.”

ಯತೀಶ ಕವಾಯತಿನ ದನಿಯಲ್ಲಿ ಓದಿದ. “ಹುಡುಗ ಕುಡಿಯುವುದಿಲ್ಲ. ಅಂಗಡಿಯವರು ಹೇಳಿದ್ದು.” ಎರಡನೇ ಸಾಲಿಗೆ ದನಿ ಇಳಿಯಿತು. “ತಾಯಿ ಒಳ್ಳೆಯವರು. ಅಕ್ಕಪಕ್ಕದವರೂ ಸಂಭಾವಿತರು.” ಮೂರನೆಯದು ಅವನಿಗೇ ಕೇಳಿಸಲಿಲ್ಲ. “ಎರಡು ಹಸು ಇವೆಯಂತೆ. ನೋಡಬೇಕು.”

ಆತ ಅಂಗಿ ಕೊಡವಿಕೊಂಡ. “ನನ್ನ ಹೆಸರು ಮಹದೇವಪ್ಪ. ಕೆ.ಆರ್. ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೀನಿ. ಅನುಶ್ರೀಗೆ ಸೋದರಮಾವ. ಹೆಣ್ಣು ಕೊಡೋರು ಗೊತ್ತಾಗ್ದಂಗೆ ಬಂದು ವಿಚಾರ್ಸೋದು ಎಲ್ಲಾ ಕಡೆ ಉಂಟು ಕಣಪ್ಪ. ಎಲ್ಲಾ ಸರಿಯಾಗಿತ್ತು. ಹಸು ನೋಡೋದೊಂದೇ ಬಾಕಿ ಇತ್ತು.”

ಒಂಬತ್ತು ಜನಕ್ಕೂ ಒಮ್ಮೆಲೇ ಮನೆಗೆಲಸ ನೆನಪಾಯಿತು. ಜಯಲಕ್ಷ್ಮಮ್ಮ ಪೊರಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮಹದೇವಪ್ಪ ಯತೀಶನ ಕೈಯಿಂದ ಚೀಟಿ ಇಸಿದುಕೊಂಡು, “ಸಂಭಾವಿತರು” ಎನ್ನುವುದನ್ನು ಪೆನ್ನಿನಿಂದ ಹೊಡೆದುಹಾಕಿ, ಮಡಿಸಿ, ರಸ್ತೆಯಲ್ಲಿ ನಿಂತಿದ್ದ ಬಸ್ಸು ಹತ್ತಿದ.

ಯತೀಶ ಒಂದು ಬಕೆಟ್ ನೀರು ಹಿಡಿದು ಓಡಿಬಂದು ಅವನ ಕಿಟಕಿಯ ಕೆಳಗೆ ನಿಂತ.

“ಕೈಕಾಲಾದ್ರೂ ತೊಳ್ಕೊಂಡು ಹೋಗಿ, ಮಾವ.”

ಬಸ್ಸು ಹೊರಟಿತು.