ನನ್ನನ್ನು ಬಿಟ್ಟು ಗೆರೆ ದಾಟಿದ ಕ್ಲಚ್ಚಿಗೆ

ಮಾನ್ಯ ಆಟೋಮ್ಯಾಟಿಕ್ ಕ್ಲಚ್ ಅವರ ಸನ್ನಿಧಾನಕ್ಕೆ,

ಉಗರಗೋಳದಲ್ಲಿ ಹಿಟ್ಟಿನ ಗಿರಣಿ ನಡೆಸುವ, ವಯಸ್ಸು ನಲವತ್ನಾಲ್ಕಾದರೂ ಮಣ್ಣಿನ ದಿಬ್ಬ ಕಂಡರೆ ಡರ್ಟ್ ಬೈಕ್ ಹಾರಿಸಲೇಬೇಕೆನ್ನುವ ಬಾಳೇಶ ಮಾಡುವ ಸವಿನಯ ನಮಸ್ಕಾರಗಳು. ತಾವು ನನ್ನ ಗಾಡಿಯ ಎಂಜಿನ್ನಿನೊಳಗೆ ಎಣ್ಣೆಯಲ್ಲಿ ಮಿಂದು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನನ್ನ ಮೊಣಕಾಲು ಅಷ್ಟೇನೂ ಕ್ಷೇಮವಾಗಿಲ್ಲ. ಆ ವಿಷಯವಾಗಿಯೇ ಈ ಪತ್ರ. ನಡೆದದ್ದನ್ನು ಸುರೇಬಾನದಲ್ಲಿ ಮುನ್ನೂರು ಜನ ಕಣ್ಣಾರೆ ಕಂಡಿರುವುದರಿಂದ ಇದನ್ನು ಲಕೋಟೆಯಲ್ಲಿ ಮುಚ್ಚಿಡುವ ಅಗತ್ಯವೂ ಉಳಿದಿಲ್ಲ.

ತಮ್ಮನ್ನು ಬರಮಾಡಿಕೊಂಡ ಕಾರಣವನ್ನು ನಾನು ಊರಿಗೆಲ್ಲ ಸುಳ್ಳೇ ಹೇಳಿದ್ದೆ. "ಈಗ ದೊಡ್ಡ ದೊಡ್ಡ ರೇಸಿನ್ಯಾಗ ಇದನ್ನ ಹಾಕ್ತಾರ್ರೀ, ಇದು ಟೆಕ್ನಿಕ್" ಎಂದು ಗಿರಣಿಗೆ ಜೋಳ ತಂದವರ ಮುಂದೆಲ್ಲ ಭಾಷಣ ಬಿಗಿದೆ. ನಿಜವೆಂದರೆ, ಎರಡು ವರ್ಷದ ಹಿಂದೆ ಗಿರಣಿಯ ಬೆಲ್ಟಿಗೆ ಸಿಕ್ಕ ನನ್ನ ಎಡಗೈ ಬೆರಳುಗಳು, ಹಳೆಯ ಕ್ಲಚ್ಚಿನ ಹಿಡಿಕೆಯನ್ನು ನಾಲ್ಕು ಸಲ ಒತ್ತುವಷ್ಟರಲ್ಲಿ ಸೋತುಹೋಗುತ್ತಿದ್ದವು. ಕಳೆದ ವರ್ಷದ ರೇಸಿನಲ್ಲಿ ಬಾವುಟ ಬೀಸಿದ ಕೂಡಲೇ ಹಿಡಿಕೆ ಜಾರಿ ಎಂಜಿನ್ ಬಂದ್ ಬಿತ್ತು. ಉಳಿದವರು ಒಂದು ಸುತ್ತು ಮುಗಿಸಿ ಬಂದರೂ ನಾನಿನ್ನೂ ಕಿಕ್ ಹೊಡೆಯುತ್ತಲೇ ಇದ್ದೆ. ಪೆಟ್ರೋಲಿನಲ್ಲಿ ಕಸವಿತ್ತೆಂದು ಎಲ್ಲರಿಗೂ ಹೇಳಿದೆ. ನನ್ನ ಹೆಂಡತಿ ರಂಜನಾ ಮಾತ್ರ ನಂಬಲಿಲ್ಲ. ನಾನು ಅಂಗಿಯ ಗುಂಡಿಗಳನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುವುದನ್ನು ಅವಳು ದಿನಾ ನೋಡುತ್ತಿದ್ದಳು.

"ಈ ಸಲ ರೇಸಿನ್ಯಾಗ ಗೆರಿ ದಾಟಲಿಲ್ಲಂದ್ರ ಗಾಡಿ ಮಾರಬೇಕ ನೋಡ್ರಿ," ಎಂದಳು. ನಾನೂ ಮೀಸೆ ತಿರುವಿ ಒಪ್ಪಿಕೊಂಡೆ.

ತಮ್ಮ ಗುಣಗಳನ್ನು ಎಷ್ಟು ಹೊಗಳಿದರೂ ಸಾಲದು. ಬಲಗೈ ಹಿಡಿ ತಿರುವಿ ರೇಸ್ ಕೊಟ್ಟರೆ ಎಂಜಿನ್ನನ್ನೂ ಚಕ್ರವನ್ನೂ ತಾವೇ ಕೂಡಿಸುತ್ತೀರಿ, ರೇಸ್ ಬಿಟ್ಟರೆ ತಾವೇ ಬಿಡಿಸುತ್ತೀರಿ. ಗೇರಿನಲ್ಲಿ ನಿಂತಾಗಲೂ ಎಂಜಿನ್ ಬಂದ್ ಬೀಳದೆ, ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಗಂಭೀರವಾಗಿ ಗುರುಗುಡುತ್ತಿರುತ್ತದೆ. ಹೋದ ತಿಂಗಳು ಸುರೇಬಾನದ ಕೊಯ್ಲು ಮುಗಿದ ಜೋಳದ ಹೊಲದಲ್ಲಿ, ಹದಿನಾಲ್ಕು ಮಂದಿಯ ನಡುವೆ ತಾವು ನನ್ನನ್ನು ಮೂರನೆಯವನಾಗಿ ಹೊರಡಿಸಿದಿರಿ. ಐದು ಸುತ್ತು ನಾನು ಮೂರನೆಯವನಾಗಿಯೇ ಉಳಿದೆ. ಎಡಗೈ ಹಿಡಿಯ ಮೇಲೆ ಸುಮ್ಮನೆ ಕುಳಿತಿತ್ತು; ಅದರ ನೆನಪೇ ಆಗದಷ್ಟು ಸುಖವನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಆರನೆಯ, ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಗೆರೆಗೆ ಹತ್ತೇ ಹೆಜ್ಜೆ ಇರುವಾಗ, ರಂಜನಾ ನೋಡುತ್ತಿದ್ದಾಳೋ ಇಲ್ಲವೋ ಎಂದು ಕತ್ತು ತಿರುಗಿಸಿದೆ. ಬಿದ್ದೆ. ಬೇರೆ ಗಾಡಿಯಾಗಿದ್ದರೆ ಬಿದ್ದೊಡನೆ ಬಂದ್ ಆಗುತ್ತಿತ್ತು. ತಮ್ಮ ಕೃಪೆಯಿಂದ ನನ್ನದು ನೆಲದ ಮೇಲೂ ಗುರುಗುಡುತ್ತಿತ್ತು. ಎದ್ದು, ಗಾಡಿಯನ್ನು ಎತ್ತಿ ನಿಲ್ಲಿಸಿ, ಏರುವ ಅವಸರದಲ್ಲಿ ಹಿಡಿ ಬಿಗಿದಾಗ ಬಲಗೈ ತಿರುಗಿ ರೇಸ್ ಏರಿತು, ಸೋತ ಎಡಗೈಗೆ ಗಾಡಿಯನ್ನು ತಡೆಯಲಾಗಲಿಲ್ಲ. ತಾವು ಹೊರಟೇಬಿಟ್ಟಿರಿ. ಖಾಲಿ ಸೀಟು ಹೊತ್ತು, ನೆಟ್ಟಗೆ, ಗೆರೆ ದಾಟಿ, ಮೇವಿನ ಬಣವೆಯೊಳಗೆ ಮುಖವಿಟ್ಟು ಮಲಗಿದಿರಿ.

"ಗಾಡಿ ಮೂರನೇದ ಬಂತ್ರಿ! ಬಾಳೇಶಣ್ಣ ಎಲ್ಲದಾರ?" ಎಂದು ಮೈಕು ಹಿಡಿದಿದ್ದ ಸಂಗಪ್ಪ ಕೂಗಿದ. ಬಾಳೇಶಣ್ಣ ಕುಂಟುತ್ತ ತಮ್ಮ ಹಿಂದೆ ಓಡುತ್ತಿದ್ದ.

ನನ್ನ ಹಿಂದೆಯೇ ಬರುತ್ತಿದ್ದವಳು ಪ್ರಜ್ಞಾ, ರಾಮದುರ್ಗದ ನರ್ಸ್. ನನಗೆ ಗುದ್ದದಿರಲು ಬ್ರೇಕ್ ಹಾಕಿ, ತನ್ನ ಸ್ಥಾನ ಕಳೆದುಕೊಂಡು, ಗಾಡಿಯನ್ನು ಬದಿಗೆ ನಿಲ್ಲಿಸಿ ಬಂದಳು. ಮೊಣಕಾಲು ನೋಡಿದಳು, ಆಮೇಲೆ ಎಡಗೈ ಹಿಡಿದು ಬೆರಳು ಒತ್ತಿದಳು.

"ಕಾಕಾ, ಇಲ್ಲಿ ಮುಟ್ಟಿದ್ದು ಗೊತ್ತಾಗ್ತದೇನ್ರಿ?"

ಟೆಕ್ನಿಕ್ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ರಂಜನಾ ಬಂದು ನಿಂತಿದ್ದಳು. ಅಲ್ಲಿದ್ದ ಮುನ್ನೂರರಲ್ಲಿ ನಗದಿದ್ದವಳು ಅವಳೊಬ್ಬಳೇ. "ಇಲ್ಲವ್ವಾ. ಎರಡ ವರ್ಷಾತು," ಎಂದೆ.

ರಂಜನಾ, "ಗಾಡಿ ಗೆರಿ ದಾಟೇತಿ, ಅದನ್ನ ಮಾರೂದಿಲ್ಲ. ದಾಟದವ್ರು ನೀವು. ನಿಮ್ಮನ್ನ ಯಾರ ತಗೋತಾರ?" ಎಂದು ನನ್ನ ಅಂಗಿಯ ಮಣ್ಣು ಕೊಡವಿದಳು. ಮರುದಿನವೇ ದವಾಖಾನೆಗೆ ಕರೆದೊಯ್ದಳು. ಬೆರಳಿಗೆ ದಿನಾ ಕಸರತ್ತು ಬೇಕೆಂದು ಡಾಕ್ಟರು ಹೇಳಿದ್ದೇ ತಡ, ಮನೆಯ ರೊಟ್ಟಿಹಿಟ್ಟು ನಾದುವ ಕೆಲಸ ನನ್ನ ಪಾಲಿಗೆ ಬಂತು. ಕಿರುಬೆರಳಿಗೆ ಈಗ ಬಿಸಿನೀರಿನ ಬಿಸಿ ತುಸು ತಿಳಿಯುತ್ತಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ: ಮುಂದೆ ಹೊರಡುವ ಮುನ್ನ ಒಮ್ಮೆ ಕೆಮ್ಮಬೇಕು, ಸೀಟಿನ ಮೇಲೆ ಮಾಲೀಕನಿದ್ದಾನೆಯೇ ಎಂದು ತಿರುಗಿ ನೋಡಬೇಕು, ಹೋಗಲೇಬೇಕಾದ ತುರ್ತಿದ್ದರೆ ನನ್ನ ಕಾಲರ್ ಹಿಡಿದಾದರೂ ಎಳೆದೊಯ್ಯಬೇಕು.

ತಮ್ಮ ವಿಶ್ವಾಸಿ, ತಮಗಿಂತ ಹತ್ತು ಹೆಜ್ಜೆ ಹಿಂದಿರುವ,
ಬಾಳೇಶ

ತಾ.ಕ.: ನಿನ್ನೆ ರಂಜನಾ ಮೊದಲ ಸಲ ಗಾಡಿ ಏರಿ ಗಿರಣಿಯ ಹಿಂದಿನ ಬಯಲಿನಲ್ಲಿ ಮೂರು ಸುತ್ತು ಹಾಕಿದಳು. ತಾವು ಒಮ್ಮೆಯೂ ಜಿಗಿಯಲಿಲ್ಲ. ಅವಳು ಇಳಿಯುವವರೆಗೂ ಅಲುಗಾಡದೆ ನಿಂತಿರಿ. ಇಂಥ ಪಕ್ಷಪಾತಕ್ಕೆ ಕಾರಣವೇನೆಂದು ಲಿಖಿತವಾಗಿ ತಿಳಿಸಬೇಕು. ಉತ್ತರವನ್ನು ಅವಳ ಕೈಗೆ ಮಾತ್ರ ಕೊಡಬೇಡಿ.